ಡ್ರಾನಾ, ಫೇಡಾ? ಬೆನ್ ಹೋಗನ್ ತನ್ನ ಹುಕ್ ಬಿಟ್ಟ ಕಥೆ

ವಿಡಿಯೊ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲಿ ನೆಟ್‌ವರ್ಕ್ ಸಿಗಲ್ಲ ಅನ್ನೋರಿಗಾಗಿ ಎಂದಿನಂತೆ ಇದು ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಗಾಲ್ಫ್ ನಮ್ಮ ಮನೆಗಳ ಆಟ ಅಲ್ಲ, ಒಪ್ತೀನಿ. ಪುಣೆಯಲ್ಲಿ ಹಿಂಜವಡಿಯ ಆಫೀಸಿನಿಂದ ಬರುವಾಗ ಡ್ರೈವಿಂಗ್ ರೇಂಜಿಗೆ ಹೋಗಿ ಒಂದು ಬುಟ್ಟಿ ಚೆಂಡು ಹೊಡೆದು ಬರುವಷ್ಟು ಮಾತ್ರ ನನ್ನ ಅನುಭವ. ಆದರೂ ಈ ಆಟದಲ್ಲಿ ಒಂದು ಪ್ರಶ್ನೆ ಇದೆ, ಅದು ನಮ್ಮಂಥ ಎಂಜಿನಿಯರ್‌ಗಳ ತಲೆ ತಿನ್ನುವಂಥದ್ದು. ಚೆಂಡನ್ನು ಯಾವ ಕಡೆ ಬಾಗಿಸಬೇಕು? ಈ ಒಂದು ಪ್ರಶ್ನೆಯಿಂದ ಕೆಲವರ ಜೀವನವೇ ತಿರುಗಿದೆ. ಕೆಲವರು ಗೆಲ್ಲಬಹುದಾಗಿದ್ದನ್ನು ಕೈಬಿಟ್ಟಿದ್ದಾರೆ.

ಮೊದಲು ಪದಗಳು. ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಬಲದಿಂದ ಎಡಕ್ಕೆ ಸ್ವಲ್ಪ ಬಾಗಿದರೆ ಅದು ಡ್ರಾ. ಎಡದಿಂದ ಬಲಕ್ಕೆ ಬಾಗಿದರೆ ಫೇಡ್. ಡ್ರಾ ಕೈಮೀರಿದರೆ ಹುಕ್, ಫೇಡ್ ಕೈಮೀರಿದರೆ ಸ್ಲೈಸ್. ಕ್ರಿಕೆಟ್‌ನಲ್ಲಿ ಹೇಳೋದಾದರೆ, ಬೌಲರ್ ಬೆನ್ನ ಹಿಂದೆ ನಿಂತು ನೋಡಿ: ಬಲಗೈ ಬ್ಯಾಟ್ಸ್‌ಮನ್‌ಗೆ ಹಾಕಿದ ಔಟ್‌ಸ್ವಿಂಗರ್ ಡ್ರಾ ಥರ, ಇನ್‌ಸ್ವಿಂಗರ್ ಫೇಡ್ ಥರ. ಆದರೆ ಸ್ವಿಂಗ್‌ಗೆ ಕಾರಣ ಚೆಂಡಿನ ಹೊಲಿಗೆ, ಗಾಲ್ಫ್ ಚೆಂಡಿಗೆ ಕಾರಣ ತಿರುಗುವಿಕೆ. ನಮ್ಮ ಪ್ರಸನ್ನ ಅವರಂಥ ಆಫ್ ಸ್ಪಿನ್ನರ್ ಕೈಯಿಂದ ಹೊರಟ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಹೊರಗೆ ತೇಲುತ್ತಲ್ಲ, ಆ ತೇಲುವಿಕೆಯೇ ಗಾಲ್ಫ್ ಚೆಂಡಿನ ನಿಜವಾದ ದಾಯಾದಿ.

ತಿರುಗುವ ಚೆಂಡು ಬಾಗುತ್ತೆ ಅನ್ನೋದನ್ನು ನ್ಯೂಟನ್ 1672ರಲ್ಲೇ ಟೆನಿಸ್ ಚೆಂಡು ನೋಡಿ ಬರೆದಿದ್ದ. ಅದನ್ನು ಪ್ರಯೋಗ ಮಾಡಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ತೋಪಿನ ವಿದ್ಯೆಯ ಮೇಲೆ ದೊಡ್ಡ ಪುಸ್ತಕ ಬರೆದವನು. ಅವನು ಒಂದು ಬಂದೂಕಿನ ನಳಿಗೆಯ ತುದಿಯನ್ನು ಬೇಕಂತಲೇ ಸ್ವಲ್ಪ ಎಡಕ್ಕೆ ಬಗ್ಗಿಸಿ ಗುಂಡು ಹಾರಿಸಿದ. ಗುಂಡು ಎಡಕ್ಕೆ ಹೊರಟಿತು, ಆಮೇಲೆ ನಿಧಾನವಾಗಿ ಬಲಕ್ಕೆ ಬಾಗಿತು. ಬಗ್ಗಿದ ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಬಂದಿದ್ದರಿಂದ ಗುಂಡಿಗೆ ತಿರುಗು ಸಿಕ್ಕಿತ್ತು. ಎಡಕ್ಕೆ ಹೊರಟು ಬಲಕ್ಕೆ ಬಾಗಿದ್ದು ಅಂದರೆ? ಅದು ಅಪ್ಪಟ ಫೇಡ್. ಚೆನ್ನೈನವರಿಗೆ ಒಂದು ಮಾತು: ಈ ರಾಬಿನ್ಸ್ ಸತ್ತಿದ್ದು ನಿಮ್ಮ ಕಡೆಯೇ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸೋಕೆ ಬಂದವನು 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ಜ್ವರ ಬಂದು ತೀರಿಕೊಂಡ. ನೂರು ವರ್ಷದ ನಂತರ, 1852ರಲ್ಲಿ, ಜರ್ಮನಿಯ ಮ್ಯಾಗ್ನಸ್ ಇದೇ ವಿಷಯದ ಮೇಲೆ ಕೆಲಸ ಮಾಡಿದ. ಹೆಸರು ಅವನಿಗೆ ಹೋಯಿತು: ಮ್ಯಾಗ್ನಸ್ ಎಫೆಕ್ಟ್. ಮೊದಲು ಕೆಲಸ ಮಾಡಿದವನ ಹೆಸರು ರಿಲೀಸ್ ನೋಟ್ಸ್‌ನಲ್ಲಿ ಬರದೇ ಇರೋದು ಹೊಸದೇನಲ್ಲ.

ಇದನ್ನು ಗಾಲ್ಫ್‌ಗೆ ತಂದವರು ಎಡಿನ್‌ಬರೋದ ಪ್ರೊಫೆಸರ್ ಪೀಟರ್ ಗತ್ರಿ ಟೇಟ್. ಲಾರ್ಡ್ ಕೆಲ್ವಿನ್ ಜೊತೆ ಭೌತಶಾಸ್ತ್ರದ ಪಠ್ಯ ಬರೆದವರು, ಜೊತೆಗೆ ಗಾಲ್ಫ್ ಹುಚ್ಚು. 1890ರ ದಶಕದಲ್ಲಿ ಚೆಂಡಿಗೆ ಉದ್ದನೆಯ ಪಟ್ಟಿ ಕಟ್ಟಿ ಹೊಡೆಸಿ, ಪಟ್ಟಿ ಎಷ್ಟು ಸುತ್ತು ತಿರುಚಿಕೊಂಡಿದೆ ಅಂತ ಎಣಿಸಿ ಚೆಂಡಿನ ತಿರುಗು ಅಳೆದರು. ಹೈಸ್ಪೀಡ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಎಂಥಾ ಜುಗಾಡ್ ನೋಡಿ! ಅವರು ಕಂಡುಕೊಂಡಿದ್ದು ಇದು: ಚೆನ್ನಾಗಿ ಹೊಡೆದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಇರುತ್ತೆ, ಆ ತಿರುಗೇ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತೆ. ಇನ್ನು ತಿರುಗುವ ಅಕ್ಷ ಸ್ವಲ್ಪ ಎಡಕ್ಕೆ ವಾಲಿದರೆ, ಎತ್ತುವ ಬಲದ ಒಂದು ಪಾಲು ಚೆಂಡನ್ನು ಎಡಕ್ಕೆ ಎಳೆಯುತ್ತೆ. ಅದು ಡ್ರಾ. ಬಲಕ್ಕೆ ವಾಲಿದರೆ ಫೇಡ್. ಡ್ರಾ ಅಂದರೆ ಮುಮ್ಮುಖ ತಿರುಗು, ಅದಕ್ಕೇ ಹೆಚ್ಚು ಉರುಳುತ್ತೆ ಅಂತ ಈಗಲೂ ಹೇಳ್ತಾರೆ. ಅದು ತಪ್ಪು. ಎರಡರಲ್ಲೂ ತಿರುಗು ಹಿಮ್ಮುಖವೇ, ವಾಲಿದ ದಿಕ್ಕು ಬೇರೆ ಅಷ್ಟೆ. ಟೇಟ್ ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದ. 1900ರಲ್ಲಿ ಬೋಯರ್ ಯುದ್ಧದಲ್ಲಿ ಸತ್ತ. ಮರುವರ್ಷ ಅಪ್ಪನೂ ತೀರಿಕೊಂಡರು.

ಹಾಗಾದರೆ ಡ್ರಾ ಯಾಕೆ ಹೆಚ್ಚು ಉರುಳುತ್ತೆ? ಡ್ರಾ ಹೊಡೆಯುವಾಗ ಕ್ಲಬ್ಬಿನ ಮುಖ, ಅದು ಸಾಗುವ ದಾರಿಗೆ ಹೋಲಿಸಿದರೆ, ಸ್ವಲ್ಪ ಮುಚ್ಚಿರುತ್ತೆ. ಮುಚ್ಚಿದ ಮುಖ ಎಂದರೆ ಇಳಿಜಾರು ಕಡಿಮೆ, ಚೆಂಡು ತಗ್ಗಾಗಿ ಹೋಗುತ್ತೆ, ತಿರುಗು ಕಡಿಮೆ, ನೆಲಕ್ಕೆ ಬಿದ್ದ ಮೇಲೆ ಓಡುತ್ತೆ. ಫೇಡ್‌ನಲ್ಲಿ ಮುಖ ತೆರೆದಿರುತ್ತೆ: ಎತ್ತರ, ಹೆಚ್ಚು ತಿರುಗು, ಬಿದ್ದಲ್ಲೇ ನಿಲ್ಲುವ ಸ್ವಭಾವ. ಸ್ಕಾಟ್ಲೆಂಡಿನ ಸಮುದ್ರತೀರದ ಗಟ್ಟಿ ನೆಲ, ಬೀಸುಗಾಳಿ ಇರುವ ಜಾಗದಲ್ಲಿ ಓಡುವ ಚೆಂಡಿಗೇ ಬೆಲೆ. ಹಾಗಾಗಿ ಹಳೇ ಕಾಲದವರಿಗೆ ಡ್ರಾ ಅಂದರೆ ಗಂಡಸಿನ ಹೊಡೆತ, ಫೇಡ್ ಅಂದರೆ ಶಕ್ತಿ ಸಾಲದವನ ಹೊಡೆತ. ಈ ಭಾವನೆ ಪೂರ್ತಿ ಹೋಗಿಲ್ಲ.

ಈಗ ಕಥೆಯ ನಾಯಕನಿಗೆ ಬರೋಣ.

ಬೆನ್ ಹೋಗನ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ. ಅಪ್ಪ ಕಮ್ಮಾರ. 1922ರಲ್ಲಿ, ಬೆನ್‌ಗೆ ಒಂಬತ್ತು ವರ್ಷ ಇದ್ದಾಗ, ಅಪ್ಪ ಗುಂಡು ಹೊಡೆದುಕೊಂಡು ಸತ್ತ. ಸಂಸಾರ ಫೋರ್ಟ್ ವರ್ತ್ ಊರಿಗೆ ಬಂದು ನೆಲೆಸಿತ್ತು. ಹುಡುಗ ರೈಲ್ವೆ ಸ್ಟೇಷನ್ನಲ್ಲಿ ಪೇಪರ್ ಮಾರಿದ, ಆಮೇಲೆ ಗ್ಲೆನ್ ಗಾರ್ಡನ್ ಅನ್ನುವ ಕ್ಲಬ್ಬಿನಲ್ಲಿ ಕ್ಯಾಡಿ ಆದ, ಅಂದರೆ ಆಟಗಾರರ ಚೀಲ ಹೊರುವ ಕೆಲಸ. ಅದೇ ಕ್ಲಬ್ಬಿನಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಕ್ಯಾಡಿ ಇದ್ದ, ಬೈರನ್ ನೆಲ್ಸನ್. ಮುಂದೆ ಅವನೂ ಜಗತ್ತಿನ ದೊಡ್ಡ ಆಟಗಾರನಾದ. ಒಂದು ಮೈದಾನದಿಂದ ಇಬ್ಬರು!

ಹೋಗನ್ ಸಣ್ಣ ಆಳು. ಸಣ್ಣ ಮೈಯಿಂದ ದೊಡ್ಡ ದೂರ ಬೇಕು ಅಂದರೆ ದಾರಿ ಒಂದೇ: ಉದ್ದನೆಯ ಸ್ವಿಂಗ್, ಬಿಗಿ ಹಿಡಿತ, ತಗ್ಗಾಗಿ ಹೋಗಿ ಓಡುವ ಹುಕ್. ಅದು ಅವನಿಗೆ ದೂರ ಕೊಟ್ಟಿತು, ಜೊತೆಗೇ ಊಟ ಕಿತ್ತುಕೊಂಡಿತು. 1930ರಲ್ಲಿ, ಇನ್ನೂ ಹದಿನೇಳರ ಹುಡುಗ, ವೃತ್ತಿಪರನಾದ. ಟೂರ್‌ಗೆ ಹೋಗೋದು, ದುಡ್ಡು ಮುಗಿದು ಮನೆಗೆ ವಾಪಸ್ ಬರೋದು, ಮತ್ತೆ ಹೋಗೋದು. ಒಳ್ಳೇ ದಿನ ಹುಕ್ ಕೇಳಿದ ಹಾಗೆ ಕೇಳುತ್ತಿತ್ತು. ಕೆಟ್ಟ ದಿನ, ಅದೂ ಒತ್ತಡ ಇದ್ದಾಗ, ಚೆಂಡು ಎಡಕ್ಕೆ ಧುಮುಕಿ ಮರಗಳ ನಡುವೆ ಓಡಿಹೋಗುತ್ತಿತ್ತು.

1938ರ ಜನವರಿಯಲ್ಲಿ ಓಕ್‌ಲೆಂಡ್‌ನ ಪಂದ್ಯಕ್ಕೆ ಬಂದಾಗ ಗಂಡಹೆಂಡತಿ ಕೈಯಲ್ಲಿ ಉಳಿದಿದ್ದು ಚಿಲ್ಲರೆ ದುಡ್ಡು. ಬೆಳಿಗ್ಗೆ ಎದ್ದು ನೋಡಿದರೆ ನಿಲ್ಲಿಸಿದ್ದ ಕಾರಿನ ಚಕ್ರಗಳೇ ಇಲ್ಲ, ಕಳ್ಳರು ಬಿಚ್ಚಿಕೊಂಡು ಹೋಗಿದ್ದಾರೆ. ಯಾರದೋ ಕಾರಲ್ಲಿ ಮೈದಾನಕ್ಕೆ ಹೋಗಿ ಆಡಿದ. ಸಿಕ್ಕಿದ್ದು 285 ಡಾಲರ್. ಆ ಚೆಕ್ ಬರದೇ ಹೋಗಿದ್ದರೆ ಗಾಲ್ಫ್ ಬಿಟ್ಟು ಬೇರೆ ಕೆಲಸ ನೋಡ್ತಿದ್ದೆ ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳ್ತೀನಿ. ಇಂಟರ್ನೆಟ್ಟಿನ ಅರ್ಧ ಕಥೆಗಳು ಹೋಗನ್ 1946ರಲ್ಲಿ ಒಂದು ರಾತ್ರಿ ಗುಟ್ಟು ಕಂಡುಕೊಂಡ, ಅಲ್ಲಿಯವರೆಗೆ ಸೋಲು, ಅಲ್ಲಿಂದಾಚೆ ಗೆಲುವು ಅಂತ ಹೇಳುತ್ತವೆ. ದಾಖಲೆ ಹಾಗಿಲ್ಲ. ಹೆನ್ರಿ ಪಿಕಾರ್ಡ್ ಅನ್ನುವ ಹಿರಿಯ ಆಟಗಾರ ಅವನಿಗೆ ಕಷ್ಟಕಾಲದಲ್ಲಿ ಬೆನ್ನಿಗೆ ನಿಂತ, ಹಿಡಿತವನ್ನು ಸಡಿಲಿಸಿ ಹುಕ್ ತಗ್ಗಿಸೋಕೆ ಹೇಳಿಕೊಟ್ಟ. 1940ರಲ್ಲಿ ಹೋಗನ್ ಪೈನ್‌ಹರ್ಸ್ಟ್‌ನಲ್ಲಿ ತನ್ನ ಮೊದಲ ಸ್ವಂತ ಗೆಲುವು ಪಡೆದ, ಬೆನ್ನಿಗೇ ಇನ್ನೆರಡು ಗೆದ್ದ. 1940, 41, 42, ಮೂರು ವರ್ಷವೂ ಟೂರ್‌ನಲ್ಲಿ ಹೆಚ್ಚು ದುಡ್ಡು ಗಳಿಸಿದವನು ಅವನೇ. 1948ರಲ್ಲಿ ಬರೆದ ತನ್ನ ಮೊದಲ ಪುಸ್ತಕವನ್ನು ಪಿಕಾರ್ಡ್‌ಗೇ ಅರ್ಪಿಸಿದ. ಅಂದರೆ ರಿಪೇರಿ ಹಂತ ಹಂತವಾಗಿ ಆಗಿದೆ. ಒಂದೇ ಕಮಿಟ್‌ನಲ್ಲಿ ಅಲ್ಲ.

ಹಾಗಿದ್ದರೂ 1946ಕ್ಕೆ ಒಂದು ಅರ್ಥ ಇದೆ. ಯುದ್ಧ ಮುಗಿದು ಟೂರ್ ಮತ್ತೆ ಶುರುವಾಗಿತ್ತು. ಹೋಗನ್‌ಗೆ ಮೂವತ್ತಮೂರು ದಾಟಿತ್ತು, ನಾಲ್ಕು ದೊಡ್ಡ ಪಂದ್ಯಗಳಲ್ಲಿ, ಅಂದರೆ ಮೇಜರ್‌ಗಳಲ್ಲಿ, ಒಂದೂ ಗೆದ್ದಿರಲಿಲ್ಲ. ಆ ವರ್ಷ ಮಾಸ್ಟರ್ಸ್‌ನ ಕೊನೇ ಹೋಲ್‌ನಲ್ಲಿ ಮೂರು ಪಟ್ ಹೊಡೆದು ಒಂದೇ ಒಂದು ಸ್ಟ್ರೋಕ್‌ನಿಂದ ಸೋತ. ಎರಡು ತಿಂಗಳಾದ ಮೇಲೆ ಯುಎಸ್ ಓಪನ್ನಿನ ಕೊನೇ ಹೋಲ್‌ನಲ್ಲೂ ಮೂರು ಪಟ್, ಮತ್ತೆ ಒಂದೇ ಸ್ಟ್ರೋಕ್. ಹುಕ್ ಕಾಟ ಮತ್ತೆ ಹೆಚ್ಚಾಗಿತ್ತು. ಅವನೇ ಹೇಳಿದ ಪ್ರಕಾರ, ಟೂರ್ ಬಿಟ್ಟು ಫೋರ್ಟ್ ವರ್ತ್‌ಗೆ ಹೋಗಿ ಕೂತ. ರಾತ್ರಿ ಮಲಗಿದಲ್ಲೇ ಯೋಚಿಸಿದಾಗ ಹಳೇ ಸ್ಕಾಟಿಷ್ ಆಟಗಾರರ ಒಂದು ವಿಧಾನ ನೆನಪಿಗೆ ಬಂತು, ಅದಕ್ಕೆ ತನ್ನದೇ ಎರಡು ಸಣ್ಣ ಬದಲಾವಣೆ ಸೇರಿಸಿದ, ಬೆಳಿಗ್ಗೆಯಿಂದ ಅಭ್ಯಾಸಕ್ಕೆ ಇಳಿದ. ಎಷ್ಟು ಜೋರಾಗಿ ಹೊಡೆದರೂ ಚೆಂಡು ಎಡಕ್ಕೆ ಹೋಗಲಿಲ್ಲ. ಶಿಕಾಗೊದ ಪಂದ್ಯದಲ್ಲಿ ಒತ್ತಡದ ನಡುವೆ ಪರೀಕ್ಷೆ ಮಾಡಿದ, ಅಲ್ಲೂ ಕೆಲಸ ಮಾಡಿತು. ಆ ವರ್ಷವೇ ಪಿಜಿಎ ಚಾಂಪಿಯನ್‌ಶಿಪ್, ಅವನ ಮೊದಲ ಮೇಜರ್. ವರ್ಷ ಮುಗಿಯುವಾಗ 13 ಗೆಲುವು. 1948ರಲ್ಲಿ ಯುಎಸ್ ಓಪನ್, ಪಿಜಿಎ ಎರಡೂ.

ಅವನು ಏನು ಕೊಟ್ಟು ಏನು ಪಡೆದ ಅನ್ನೋದು ನನಗೆ ಮುಖ್ಯ ಅನ್ನಿಸೋದು. ಹುಕ್ ಅವನಿಗೆ ಹುಟ್ಟಿನಿಂದ ಬಂದದ್ದು, ಬಡತನದಲ್ಲಿ ದೂರ ತಂದುಕೊಟ್ಟದ್ದು. ಫೇಡ್ ಅಂದರೆ ಆ ಓಟವನ್ನು ಬಿಟ್ಟುಕೊಡೋದು. ದಶಕಗಟ್ಟಲೆ ಕಟ್ಟಿಕೊಂಡ ಸ್ವಿಂಗ್ ಅನ್ನು ಮೂವತ್ತಮೂರರಲ್ಲಿ ಬದಲಾಯಿಸಿ, ತನ್ನ ಕೈಗಳು ತಾವಾಗಿಯೇ ಮಾಡಬಯಸುವ ಕೆಲಸವನ್ನು ಪ್ರತಿ ಹೊಡೆತದಲ್ಲೂ ತಡೆಹಿಡಿಯಬೇಕು.

ಆಮೇಲೆ ಬಸ್ಸು. 1949ರ ಫೆಬ್ರವರಿ 2, ಟೆಕ್ಸಸ್‌ನ ವ್ಯಾನ್ ಹಾರ್ನ್ ಹತ್ತಿರ, ಮಂಜು. ಎದುರಿನಿಂದ ಲಾರಿಯನ್ನು ಓವರ್‌ಟೇಕ್ ಮಾಡಿಕೊಂಡು ಬಂದ ಬಸ್ಸು ಹೋಗನ್ ಕಾರಿಗೆ ಗುದ್ದಿತು. ಹೆಂಡತಿ ವ್ಯಾಲರಿಯನ್ನು ಉಳಿಸಲು ಅವಳ ಮೇಲೆ ಅಡ್ಡ ಬಿದ್ದ. ಅದರಿಂದ ಅವನೂ ಉಳಿದ, ಯಾಕೆಂದರೆ ಸ್ಟೀರಿಂಗ್ ಕಂಬ ಅವನು ಕೂತಿದ್ದ ಸೀಟಿಗೇ ನುಗ್ಗಿತ್ತು. ಸೊಂಟದ ಮೂಳೆ, ಕೊರಳೆಲುಬು, ಹಿಮ್ಮಡಿ ಗಂಟು, ಪಕ್ಕೆಲುಬು ಮುರಿದವು. ರಕ್ತ ಹೆಪ್ಪುಗಟ್ಟಿದ್ದಕ್ಕೆ ಡಾಕ್ಟರ್‌ಗಳು ದೊಡ್ಡ ರಕ್ತನಾಳವನ್ನೇ ಕಟ್ಟಬೇಕಾಯಿತು. ಮುಂದೆ ಬದುಕಿರುವವರೆಗೂ ಕಾಲುಗಳಲ್ಲಿ ನೋವು, ಊತ. ಹದಿನಾರು ತಿಂಗಳ ನಂತರ, 1950ರ ಜೂನ್‌ನಲ್ಲಿ, ಮೆರಿಯನ್ ಮೈದಾನದಲ್ಲಿ ಯುಎಸ್ ಓಪನ್. ಆಗೆಲ್ಲ ಕೊನೇ ದಿನ ಒಂದೇ ದಿನಕ್ಕೆ 36 ಹೋಲ್ ನಡೆದು ಆಡಬೇಕು. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ನಡೆದ. ಕೊನೇ ಹೋಲ್‌ನಲ್ಲಿ 1-ಐರನ್ ಹೊಡೆದು ಗ್ರೀನ್ ಮುಟ್ಟಿಸಿದ, ಮರುದಿನದ ಪ್ಲೇಆಫ್‌ನಲ್ಲಿ ಮ್ಯಾಂಗ್ರಮ್, ಫಾಜಿಯೊ ಇಬ್ಬರನ್ನೂ ಸೋಲಿಸಿದ. ಆ 1-ಐರನ್ ಹೊಡೆತವನ್ನು ಹಿಂದಿನಿಂದ ಹೈ ಪೆಸ್ಕಿನ್ ತೆಗೆದ ಫೋಟೊ ನೀವು ಎಲ್ಲೋ ನೋಡಿಯೇ ಇರ್ತೀರಿ. ಈ ಕಾಲುಗಳಿಟ್ಟುಕೊಂಡು ಮರಗಳ ನಡುವೆ ಚೆಂಡು ಹುಡುಕುತ್ತಾ ತಿರುಗೋ ಆಟ ಆಗ್ತಿತ್ತಾ? ಆಗ್ತಿರಲಿಲ್ಲ ಅಂತ ನನಗನ್ನಿಸುತ್ತೆ.

1953ರಲ್ಲಿ ಅವನು ಆಡಿದ್ದು ಬರೀ ಆರು ಪಂದ್ಯ, ಗೆದ್ದಿದ್ದು ಐದು. ಅದರಲ್ಲಿ ಮೂರು ಮೇಜರ್. ಜುಲೈಯಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಹೋದ, ಬ್ರಿಟಿಷ್ ಓಪನ್ನಿಗೆ, ಜೀವನದಲ್ಲಿ ಅದೊಂದೇ ಸಲ. ಅಲ್ಲಿನ ಆರನೇ ಹೋಲ್‌ನಲ್ಲಿ ಎಡಕ್ಕೆ ಉದ್ದಕ್ಕೂ ಬೇಲಿ, ಬೇಲಿಯಾಚೆ ಬಿದ್ದರೆ ದಂಡ. ಫೇರ್‌ವೇ ನಡುವೆ ಬಂಕರ್‌ಗಳು. ಎಲ್ಲರೂ ಬಂಕರ್‌ಗಳ ಬಲಕ್ಕೆ, ಸಲೀಸಾದ ಜಾಗಕ್ಕೆ ಹೊಡೆಯುತ್ತಿದ್ದರು. ಹೋಗನ್ ಬೇಲಿಗೂ ಬಂಕರ್‌ಗೂ ನಡುವಿನ ಇಕ್ಕಟ್ಟು ಓಣಿಗೆ ಹೊಡೆದ, ಚೆಂಡನ್ನು ಎಡಕ್ಕೆ ಹೊರಡಿಸಿ ಬಲಕ್ಕೆ ಮರಳಿಸಿ. ನಾಲ್ಕೂ ಸುತ್ತಿನಲ್ಲಿ ಹಾಗೇ ಮಾಡಿದ ಅನ್ನುವ ಮಾತಿಗೆ ನಾನು ಅಷ್ಟು ಪೂರ್ತಿ ಗ್ಯಾರಂಟಿ ಕೊಡಲ್ಲ, ದಂತಕಥೆಗೆ ಎಣಿಕೆ ಬೆಳೆಸುವ ಅಭ್ಯಾಸ ಇದೆ. ಆದರೆ ಸ್ಕೋರು ದಂತಕಥೆ ಅಲ್ಲ: 73, 71, 70, 68. ಪ್ರತಿದಿನ ಹಿಂದಿನ ದಿನಕ್ಕಿಂತ ಕಡಿಮೆ. ನಾಲ್ಕು ಸ್ಟ್ರೋಕ್‌ಗಳಿಂದ ಗೆದ್ದ. ಈಗ ಆ ಹೋಲ್‌ನ ಹೆಸರೇ ಹೋಗನ್ಸ್ ಆಲಿ.

ಮಜಾ ಏನು ಗೊತ್ತಾ? ಅಲ್ಲಿ ಅವನು ಪ್ರಶಸ್ತಿ ಕಿತ್ತುಕೊಂಡಿದ್ದು ಯಾರ ಕೈಯಿಂದ ಅಂದರೆ, ದಕ್ಷಿಣ ಆಫ್ರಿಕಾದ ಬಾಬಿ ಲಾಕ್ ಕೈಯಿಂದ. ಲಾಕ್ ಯುದ್ಧಕಾಲದಲ್ಲಿ ವಿಮಾನ ಹಾರಿಸಿದವನು, ದಪ್ಪ ಆಸಾಮಿ, ಟೈ ಕಟ್ಟಿಕೊಂಡು ನಿಧಾನಕ್ಕೆ ಆಡುವವನು. ಅವನು ಎಲ್ಲವನ್ನೂ ಹುಕ್ ಮಾಡುತ್ತಿದ್ದ. ಗುರಿಯಿಂದ ತುಂಬಾ ಬಲಕ್ಕೆ ತಿರುಗಿ ನಿಂತು ಹೊಡೆದರೆ ಚೆಂಡು ಊರೆಲ್ಲ ಸುತ್ತಿ ಬಂದು ಗ್ರೀನ್ ಮೇಲೆ ಬೀಳುತ್ತಿತ್ತು. ನೋಡಿದವರು ನಕ್ಕರು. ಅವನು 1949, 1950, 1952, 1957ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಹೋಗನ್‌ಗೆ ಊಟ ಕಿತ್ತ ಹೊಡೆತ ಲಾಕ್‌ಗೆ ನಾಲ್ಕು ಬೆಳ್ಳಿ ಜಗ್ ಕೊಟ್ಟಿತು. ವ್ಯತ್ಯಾಸ ಎಲ್ಲಿ? ಲಾಕ್‌ನ ಹುಕ್ ಪ್ರತಿ ಸಲವೂ ಅಷ್ಟೇ ಬಾಗುತ್ತಿತ್ತು. ಹೋಗನ್‌ನದು ಒಂದೊಂದು ದಿನ ಒಂದೊಂದು ಥರ.

ಇದನ್ನು ಸ್ವಲ್ಪ ಲೆಕ್ಕದಲ್ಲಿ ನೋಡೋಣ. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವನಿಗೆ ಇಷ್ಟಾದರೂ ಚಟ ಇರಬೇಕಲ್ವಾ. ಫೇಡ್ ಪರ ವಾದ ಮಾಡುವವರು ಯಾವಾಗಲೂ ಹೇಳುವ ಲೆಕ್ಕ ಒಂದಿದೆ. ಫೇರ್‌ವೇ 30 ಗಜ ಅಗಲ ಅಂದುಕೊಳ್ಳಿ. ನಟ್ಟ ನಡುವಿಗೆ ನೇರ ಹೊಡೆದರೆ ಎರಡೂ ಕಡೆ 15 ಗಜ ಮಾತ್ರ ಅವಕಾಶ. ಎಡ ಅಂಚಿಗೆ ಗುರಿಯಿಟ್ಟು 15 ಗಜ ಫೇಡ್ ಮಾಡಿದರೆ? ಬಾಗದೇ ನೇರ ಹೋದರೂ ಎಡ ಅಂಚಿನಲ್ಲಿ ಉಳಿಯಿತು, ದುಪ್ಪಟ್ಟು ಬಾಗಿದರೂ ಬಲ ಅಂಚಿನಲ್ಲಿ ಉಳಿಯಿತು, ಹಾಗಾಗಿ 30 ಗಜ ಪೂರ್ತಿ ನಿಮ್ಮದು. ಕೇಳೋಕೆ ಚೆನ್ನಾಗಿದೆ. ಕಾಗದದ ಮೇಲೆ ಬರೆದು ನೋಡಿ: ಚೆಂಡು ಬೀಳಬೇಕಾದದ್ದು ನಡುವಿಗೇ, ಅಲ್ಲಿಂದ ಆಚೆ 15, ಈಚೆ 15. ಎರಡೂ ಯೋಜನೆಯಲ್ಲಿ ತಪ್ಪಿಗೆ ಇರುವ ಜಾಗ ಒಂದೇ. ಒಂದು ಗಜವೂ ಹೆಚ್ಚು ಸಿಗಲಿಲ್ಲ. ಇದೊಂದು ಕಣ್ಣುಕಟ್ಟು.

ಹಾಗಾದರೆ ಹೋಗನ್‌ಗೆ ಸಿಕ್ಕಿದ್ದೇನು? ನಮ್ಮ ಭಾಷೆಯಲ್ಲಿ ಹೇಳೋದಾದರೆ ಅವನು ಸರಾಸರಿ ಸರಿಮಾಡಲಿಲ್ಲ, ಪಿ99 ಸರಿಮಾಡಿದ. ಸರ್ವರ್ ಸಾಮಾನ್ಯವಾಗಿ ಎಷ್ಟು ಬೇಗ ಉತ್ತರ ಕೊಡುತ್ತೆ ಅನ್ನೋದಲ್ಲ, ನೂರಕ್ಕೆ ಒಂದು ಸಲ ಎಷ್ಟು ಹೊತ್ತು ನೇತಾಡುತ್ತೆ ಅನ್ನೋದಕ್ಕೆ ತಾನೇ ನಮಗೆ ಮಧ್ಯರಾತ್ರಿ ಫೋನ್ ಬರೋದು? ಕೆಟ್ಟ ಹುಕ್ ತಗ್ಗಾಗಿ ಹೋಗುತ್ತೆ, ಬಿದ್ದ ಮೇಲೂ ಓಡುತ್ತೆ, ತೊಂದರೆಯೊಳಗೆ ಇನ್ನೂ ದೂರ ಹೋಗುತ್ತೆ. ಕೆಟ್ಟ ಫೇಡ್ ಎತ್ತರಕ್ಕೆ ಹೋಗಿ, ಬೇಗ ಬಿದ್ದು, ನಿಂತುಬಿಡುತ್ತೆ. ಲೀ ಟ್ರೆವಿನೊ ತಮಾಷೆ ಮಾಡುತ್ತಿದ್ದ ಹಾಗೆ, ಫೇಡ್ ಮಾತು ಕೇಳುತ್ತೆ, ಹುಕ್ ಕೇಳಲ್ಲ.

ಟ್ರೆವಿನೊ ಹೆಸರು ಬಂತಲ್ಲ, ಅವನದೂ ಹೇಳಿಬಿಡ್ತೀನಿ. ಟೆಕ್ಸಸ್‌ನವನೇ, ಬಡವ, ಕ್ಯಾಡಿ, ಹುಕ್ ಕಾಟದವನೇ. ಫೋರ್ಟ್ ವರ್ತ್‌ನ ಶೇಡಿ ಓಕ್ಸ್ ಕ್ಲಬ್ಬಿನಲ್ಲಿ ವಯಸ್ಸಾದ ಹೋಗನ್ ಒಬ್ಬನೇ ನಿಂತು ಒಂದೇ ಥರ ಫೇಡ್ ಹೊಡೆಯುವುದನ್ನು ನೋಡಿ ತಾನೂ ಬದಲಾದೆ ಅಂತ ಹೇಳಿದ್ದಾನೆ. ಆರು ಮೇಜರ್ ಗೆದ್ದ. ಆದರೆ ಮಾಸ್ಟರ್ಸ್ ಇಲ್ಲ. ಮಾಸ್ಟರ್ಸ್ ನಡೆಯುವ ಅಗಸ್ಟಾ ಮೈದಾನದಲ್ಲಿ 10ನೇ ಮತ್ತು 13ನೇ ಹೋಲ್‌ಗಳಂಥ ಮುಖ್ಯ ಹೋಲ್‌ಗಳು ಎಡಕ್ಕೆ ತಿರುಗುತ್ತವೆ. ಇದು ಡ್ರಾ ಹೊಡೆಯುವವರ ಊರು, ಇಲ್ಲಿ ನಾನು ಗೆಲ್ಲಲಾರೆ ಅಂತ 1969ರಲ್ಲಿ ಬಹಿರಂಗವಾಗಿಯೇ ಹೇಳಿದ, ಆಮೇಲೆ 1970, 1971, 1974ರಲ್ಲಿ ಆಹ್ವಾನ ಇದ್ದರೂ ಹೋಗಲೇ ಇಲ್ಲ. 1971ರಲ್ಲಿ ಅವನು ಯುಎಸ್ ಓಪನ್, ಬ್ರಿಟಿಷ್ ಓಪನ್ ಎರಡೂ ಗೆದ್ದ, ಅಂದರೆ ಆಟದ ಶಿಖರದಲ್ಲಿದ್ದ. ಹೋಗದೇ ಇದ್ದದ್ದು ತಪ್ಪಾಯಿತು ಅಂತ ಮುಂದೆ ಅವನೇ ಒಪ್ಪಿಕೊಂಡ. ಅಷ್ಟರಲ್ಲಿ ಹೋಗನ್ ತನ್ನ ಫೇಡ್ ಇಟ್ಟುಕೊಂಡೇ 1951ರಲ್ಲಿ, 1953ರಲ್ಲಿ ಅಲ್ಲಿ ಗೆದ್ದಾಗಿತ್ತು, ಎರಡನೇ ಸಲ 274ರ ದಾಖಲೆ ಸ್ಕೋರು. ಜ್ಯಾಕ್ ನಿಕ್ಲಾಸ್, ಫೇಡ್ ಆಟಗಾರ, ಆರು ಸಲ ಗೆದ್ದ. 2020ರಲ್ಲಿ ಡಸ್ಟಿನ್ ಜಾನ್ಸನ್, ಕೆಲವೇ ವರ್ಷ ಹಿಂದೆ ಡ್ರಾ ಬಿಟ್ಟು ಫೇಡ್‌ಗೆ ಬಂದವನು, 268 ಹೊಡೆದು ಗೆದ್ದ. ಮೈದಾನಕ್ಕೆ ಒಂದು ಹೊಡೆತ ಒಗ್ಗುತ್ತೆ ಅನ್ನೋದು ನಿಜ, ಆದರೆ ಅದು ಕೆಲವು ಗಜದ ನಿಜ. ಟ್ರೆವಿನೊ ಅದಕ್ಕೆ ತೆತ್ತ ಬೆಲೆ ಅದಕ್ಕಿಂತ ತುಂಬಾ ಜಾಸ್ತಿ.

ಎಡಗೈ ಆಟಗಾರರಿಗೆ ಎಲ್ಲ ಉಲ್ಟಾ ಅಂತ ಮರೀಬೇಡಿ. 2012ರಲ್ಲಿ ಅದೇ ಅಗಸ್ಟಾದ 10ನೇ ಹೋಲ್‌ನ ಪ್ಲೇಆಫ್‌ನಲ್ಲಿ, ಮರಗಳೊಳಗೆ ಸಿಕ್ಕಿಹಾಕಿಕೊಂಡ ಬಬ್ಬಾ ವಾಟ್ಸನ್ ವೆಜ್ ಹಿಡಿದು ಚೆಂಡನ್ನು ಭಾರೀ ಹುಕ್ ಮಾಡಿ ಗ್ರೀನ್ ಮೇಲೆ ಇಳಿಸಿದ. ಎಡಗೈಯವನ ಹುಕ್ ಬಲಕ್ಕೆ ಬಾಗುತ್ತೆ.

ಇನ್ನು ನನಗೆ ನಿಜಕ್ಕೂ ಸಿಟ್ಟು ತರಿಸುವ ಭಾಗ. ನಾನು ಹೋಗುವ ರೇಂಜಿನಲ್ಲಿ ಒಬ್ಬ ಕೋಚ್ ಡ್ರಾ ಕಲಿಸಿದ್ದು ಹೀಗೆ: ಕ್ಲಬ್ಬಿನ ಮುಖವನ್ನು ಗುರಿ ಕಡೆ ಇಡಿ, ಸ್ವಿಂಗ್ ಅನ್ನು ಬಲಕ್ಕೆ ಮಾಡಿ, ಚೆಂಡು ಸ್ವಿಂಗ್ ದಿಕ್ಕಿಗೆ ಹೊರಟು ಮುಖದ ದಿಕ್ಕಿಗೆ ಬಾಗಿ ಬರುತ್ತೆ. ಇದು ಅವರ ತಪ್ಪಲ್ಲ, ದಶಕಗಳ ಕಾಲ ಪುಸ್ತಕಗಳಲ್ಲಿ, ತರಬೇತಿಯಲ್ಲಿ ಇದ್ದದ್ದೇ ಇದು. ಆದರೆ ಇದು ತಪ್ಪು. ಚೆಂಡು ಹೊರಡುವ ದಿಕ್ಕನ್ನು ನಿರ್ಧರಿಸೋದು ಹೆಚ್ಚಾಗಿ ಮುಖ. ಡ್ರೈವರ್‌ನಲ್ಲಿ ಸುಮಾರು 85 ಪಾಲು ಮುಖ, 15 ಪಾಲು ಸ್ವಿಂಗ್ ದಾರಿ. ಬ್ರಿಟನ್ನಿನಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ 1968ರ ತಮ್ಮ ಪುಸ್ತಕದಲ್ಲೇ ಇದರ ವಿಜ್ಞಾನ ವಿವರಿಸಿದ್ದರು. ಭೌತಶಾಸ್ತ್ರಜ್ಞ ಥಿಯೊಡೋರ್ ಯೋರ್ಗೆನ್ಸನ್ 1990ರ ದಶಕದಲ್ಲಿ ಮತ್ತೆ ಹೇಳಿದರು. ಯಾರೂ ಕೇಳಲಿಲ್ಲ. 2003ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್‌ನ ರೇಡಾರ್ ಪೆಟ್ಟಿಗೆಗಳು ಮೈದಾನಕ್ಕೆ ಬಂದು, ಅಂಕಿ ಪರದೆ ಮೇಲೆ ಕಂಡ ಮೇಲೆಯೇ ಜನ ನಂಬಿದ್ದು.

ಅಂಕಿಯಲ್ಲಿ ನೋಡಿ. ಸ್ವಿಂಗ್ ದಾರಿ ಗುರಿಯಿಂದ 4 ಡಿಗ್ರಿ ಬಲಕ್ಕೆ, ಮುಖ 2 ಡಿಗ್ರಿ ಬಲಕ್ಕೆ ಇದ್ದರೆ ಚೆಂಡು ಸುಮಾರು 2.3 ಡಿಗ್ರಿ ಬಲಕ್ಕೆ ಹೊರಟು ಎಡಕ್ಕೆ ಬಾಗಿ ಗುರಿಗೆ ಬರುತ್ತೆ. ಇದು ಡ್ರಾ. ಗಮನಿಸಿ, ಮುಖ ಗುರಿಗೆ ತೆರೆದಿದೆ, ದಾರಿಗೆ ಮುಚ್ಚಿದೆ. ಹಳೇ ಪಾಠದಂತೆ ಮುಖ ಸೀದಾ ಗುರಿಗೆ, ದಾರಿ 4 ಡಿಗ್ರಿ ಬಲಕ್ಕೆ ಇಟ್ಟರೆ? ಚೆಂಡು ಬರೀ 0.6 ಡಿಗ್ರಿ ಬಲಕ್ಕೆ ಹೊರಟು, ಗುರಿಯನ್ನು ದಾಟಿ ಎಡಕ್ಕೆ ಹೋಗುತ್ತೆ. ಮುಂದೆ ಮರ ಇದ್ದರೆ ಸೀದಾ ಮರಕ್ಕೆ. ತಪ್ಪು ಡಾಕ್ಯುಮೆಂಟೇಶನ್ ಓದಿ ಕೋಡ್ ಬರೆದು, ಓಡದಿದ್ದಾಗ ತನ್ನನ್ನೇ ಬೈದುಕೊಂಡವರು ಎಷ್ಟು ಜನವೋ. ಒಳ್ಳೇ ಆಟಗಾರರು ಬಾಯಲ್ಲಿ ಹಳೇ ಪಾಠ ಹೇಳುತ್ತಾ ಕೈಯಲ್ಲಿ ಸರಿಯಾದದ್ದನ್ನೇ ಮಾಡುತ್ತಿದ್ದರು. ಅವರ ಮಾತು ಕೇಳಿದವರು ಮಾತ್ರ ಕೆಟ್ಟರು.

ಈಗಿನ ಕಾಲಕ್ಕೆ ಈ ಆಯ್ಕೆಯ ಬಿಸಿ ಸ್ವಲ್ಪ ಆರಿದೆ. 2000ದ ನಂತರ ಬಂದ ಗಟ್ಟಿ ಒಳತಿರುಳಿನ ಚೆಂಡುಗಳು, ದೊಡ್ಡ ತಲೆಯ ಡ್ರೈವರ್‌ಗಳು ತಿರುಗನ್ನು ಕಡಿಮೆ ಮಾಡಿವೆ, ಚೆಂಡು ಹೋಗನ್ ಕಾಲದಷ್ಟು ಬಾಗೋದೇ ಇಲ್ಲ, ಫೇಡ್ ಹೊಡೆದರೆ ದೂರ ಕಳೆದುಕೊಳ್ಳುವ ಭಯವೂ ಅಷ್ಟಿಲ್ಲ. ದೆಹಲಿಯವರು ಲೋಧಿ ಕಾಲದ ಗುಮ್ಮಟಗಳ ನಡುವಿನ ದೆಹಲಿ ಗಾಲ್ಫ್ ಕ್ಲಬ್ ನೋಡಿರ್ತೀರಿ. ಎರಡೂ ಕಡೆ ದಟ್ಟ ಪೊದೆ, ಫೇರ್‌ವೇ ಓಣಿಯಷ್ಟು. ಅಲ್ಲಿ ಡ್ರಾನಾ ಫೇಡಾ ಅಂತ ಕೇಳೋ ಬದಲು ದೊಡ್ಡ ದೊಡ್ಡವರೂ ಡ್ರೈವರನ್ನು ಚೀಲದಲ್ಲೇ ಬಿಟ್ಟು ಸಣ್ಣ ಕ್ಲಬ್ ತೆಗೀತಾರೆ. 2008ರಲ್ಲಿ ಅಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದಿದ್ದು ಕೋಲ್ಕತ್ತಾದ ಕ್ಲಬ್ಬೊಂದರ ಹುಲ್ಲು ನೋಡಿಕೊಳ್ಳುವವರ ಮಗ, ಎಸ್‌ಎಸ್‌ಪಿ ಚೌರಾಸಿಯಾ. ದೂರ ಹೊಡೆಯುವವನಲ್ಲ.

ಕೊನೆಗೆ ಆ ಗುಟ್ಟು. 1955ರ ಆಗಸ್ಟ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಹೋಗನ್ ಅದನ್ನು ಬಿಚ್ಚಿಟ್ಟ. ಎಡಗೈ ಹಿಡಿತವನ್ನು ಸ್ವಲ್ಪ ಎಡಕ್ಕೆ ಸರಿಸುವುದು, ಕ್ಲಬ್ ಹಿಂದಕ್ಕೆ ಒಯ್ಯುವಾಗ ಕೈಗಳನ್ನು ತಿರುಗಿಸುವುದು, ಮೇಲೆ ಹೋದಾಗ ಎಡ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸುವುದು. ಇಷ್ಟು ಮಾಡಿದರೆ ಮುಖ ಮುಚ್ಚಿಕೊಳ್ಳೋಕೆ ಸಮಯವೇ ಸಿಗಲ್ಲ. ಇದು ಸಾಮಾನ್ಯ ಆಟಗಾರನಿಗೆ ಉಪಯೋಗವಿಲ್ಲ, ಕೆಟ್ಟ ಆಟಗಾರನನ್ನು ಹಾಳುಮಾಡುತ್ತೆ ಅಂತ ಅವನೇ ಅದರಲ್ಲಿ ಎಚ್ಚರಿಸಿದ್ದ. ಎರಡು ವರ್ಷದ ನಂತರ, 1957ರಲ್ಲಿ, ಹರ್ಬರ್ಟ್ ವಾರೆನ್ ವಿಂಡ್ ಜೊತೆ ಬರೆದ 'ಫೈವ್ ಲೆಸನ್ಸ್' ಬಂತು, ಆಂಥನಿ ರವಿಯೆಲ್ಲಿಯ ಚಿತ್ರಗಳ ಜೊತೆ. ಇವತ್ತಿಗೂ ಮಾರಾಟವಾಗುತ್ತಿರುವ ಪುಸ್ತಕ, ನನ್ನ ಕಿಂಡಲ್‌ನಲ್ಲೂ ಇದೆ. ಅದರಲ್ಲಿರುವ ಹಿಡಿತ ಹುಕ್‌ನಿಂದ ನರಳಿದ ಮನುಷ್ಯ ತನಗಾಗಿ ಬರೆದುಕೊಂಡ ಚೀಟಿ. ಆದರೆ ಪುಸ್ತಕ ಕೊಳ್ಳುವ ವಾರಾಂತ್ಯದ ಆಟಗಾರರಲ್ಲಿ ಬಹುಪಾಲು ಜನರ ಕಾಯಿಲೆ ಸ್ಲೈಸ್. ಅವರು ಅದೇ ಸಡಿಲ ಹಿಡಿತವನ್ನು ಶ್ರದ್ಧೆಯಿಂದ ಕಲಿತರು, ಚೆಂಡು ಇನ್ನಷ್ಟು ಬಲಕ್ಕೆ ಹೋಯಿತು. ನಮ್ಮ ರೇಂಜಿನಲ್ಲಿ ಶನಿವಾರ ಬೆಳಿಗ್ಗೆ ಬಲಗಡೆಯ ಬಲೆಯ ಬುಡದಲ್ಲಿ ಬಿದ್ದಿರುವಷ್ಟು ಚೆಂಡು ಎಡಗಡೆ ಯಾವತ್ತೂ ಇರಲ್ಲ.